ಕಡಲು ಬಲಗೈಗೆ

"ಒಬ್ರೇನಾ?" ಅಂದರು ಪಕ್ಕದ ಮನೆ ಗೌಡರು.

"ಹೂಂ, ಒಬ್ಬನೇ."

"ಜೊತೇಲಿ ಯಾರೂ ಇರ್ಲಿಲ್ವಾ?"

"ಒಬ್ಬನೇ ಅಂದ್ರೆ ಒಬ್ಬನೇ ಕಣ್ರೀ ಗೌಡ್ರೇ."

ಬೇಲಿ ಮೇಲೆ ಹಬ್ಬಿದ ಅವರೆ ಬಳ್ಳಿಯಿಂದ ಕೈ ತೆಗೆದು ಅವರು ಒಮ್ಮೆ ನನ್ನ ಮುಖ ನೋಡಿದರು, ಒಮ್ಮೆ ನಮ್ಮ ಮನೆ ಬಾಗಿಲು ನೋಡಿದರು. ಒಳಗೆ ನನ್ನ ಹೆಂಡತಿ ಮಾಮೂಲಿನಂತೆ ಒಗ್ಗರಣೆ ಹಾಕುತ್ತಿದ್ದಳು. ಜಗಳವಾದ ಲಕ್ಷಣವೇನೂ ಕಾಣಲಿಲ್ಲ. ಗೌಡರಿಗೆ ಗಾಬರಿ ಇನ್ನೂ ಹೆಚ್ಚಾಯಿತು. "ಬಿ.ಪಿ. ಗಿ.ಪಿ. ಏನಾದ್ರೂ ಜಾಸ್ತಿ ಆಗಿತ್ತಾ?" ಅಂದರು ಮೆಲ್ಲಗೆ.

ಹುಲಿಯೂರುದುರ್ಗದಲ್ಲಿ ಒಬ್ಬ ಗಂಡಸು ಒಬ್ಬನೇ ಊರು ಬಿಟ್ಟು ಹೊರಡಬೇಕಾದರೆ ಊರು ಒಪ್ಪುವಂಥ ಕಾರಣ ಬೇಕು. ಕೋರ್ಟಿನ ವಾಯಿದೆ ಆದರೆ ಸರಿ. ಕುಣಿಗಲ್ ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದುಪಡಿ ಆದರೂ ಸರಿ. ಮದ್ದೂರಿನ ಕಡೆ ಯಾರಾದರೂ ಸತ್ತಿದ್ದರೆ ಬಸ್ಸು ನಿಲ್ಲಿಸಿ ಹತ್ತಿಸಿ ಕಳಿಸುತ್ತಾರೆ. ಆದರೆ ಅರವತ್ತೆರಡು ವರ್ಷದ ರಿಟೈರ್ಡ್ ಲೆಕ್ಕದ ಮೇಷ್ಟ್ರು, ಅದೂ ಮೊಣಕಾಲು ನೋವಿನವನು, ಬೆನ್ನಿಗೊಂದು ಚೀಲ ಹಾಕಿಕೊಂಡು ಗೋಕರ್ಣದಿಂದ ಕುಮಟಾದವರೆಗೆ ಕಡಲ ದಂಡೆ ಹಿಡಿದು ಎರಡು ದಿನ ಸುಮ್ಮನೆ ನಡೆದು ಬಂದ ಅಂದರೆ? ಆ 'ಸುಮ್ಮನೆ'ಯೇ ಎಲ್ಲ ಅನುಮಾನಕ್ಕೂ ಮೂಲ.

ನಮ್ಮ ಕಡೆ ಒಂದು ಬೈಗುಳ ಇದೆ. "ಅವನಿಗೆ ಹೇಳೋರಿಲ್ಲ, ಕೇಳೋರಿಲ್ಲ." ಹುಡುಗ ಹಾಳಾದರೂ ಅದೇ ಮಾತು, ಹೊಲ ಪಾಳು ಬಿದ್ದರೂ ಅದೇ ಮಾತು. ಆ ದೃಷ್ಟಿಯಿಂದ ನಾನು ಬಹಳ ಅದೃಷ್ಟವಂತ. ಹೇಳೋರು ಕೇಳೋರು ನನಗೆ ಜನ್ಮಕ್ಕಾಗುವಷ್ಟು ಇದ್ದಾರೆ. ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ಎಂಟು ನಿಮಿಷದ ದಾರಿ. ಒಂದು ದಿನ ಎಣಿಸಿದೆ: ಹದಿನಾಲ್ಕು ಜನ "ಎತ್ಲಾಗೆ ಮೇಷ್ಟ್ರೇ?" ಅಂದರು. ಅದರಲ್ಲಿ ಆರು ಜನ ನನ್ನ ಹತ್ತಿರವೇ ಲೆಕ್ಕ ಕಲಿತವರು. ಕಲಿತರೋ ಇಲ್ಲವೋ ಆ ಮಾತು ಬೇರೆ.

ಬೆಟ್ಟದ ಮೇಲೆ ಹೋಗಿ ಕೂರಬಹುದಲ್ಲ ಅನ್ನುತ್ತೀರಿ. ಹೇಮಗಿರಿ ಹತ್ತಲು ಹೊರಟರೆ ಸಾಕು, ಯಾರಾದರೊಬ್ಬರು ಟವೆಲ್ಲು ಹೆಗಲಿಗೆ ಹಾಕಿಕೊಂಡು ಹಿಂದೆ ಬರುತ್ತಾರೆ. "ಚಿರತೆ ಓಡಾಡ್ತಾವೆ ಮೇಷ್ಟ್ರೇ, ಒಬ್ರೇ ಹೋಗ್ಬ್ಯಾಡಿ, ನಡೀರಿ ನಾನೂ ಬತ್ತೀನಿ." ಪ್ರೀತಿಯೇ, ಇಲ್ಲ ಅನ್ನಲಾರೆ. ಆದರೆ ಮೇಲೆ ಒಂದು ಬಂಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದಾಗ ಅವರ ಅಳಿಯನ ಟ್ರ್ಯಾಕ್ಟರ್ ಸಾಲದ ಕತೆ ಶುರುವಾಗುತ್ತದೆ. ಆಗ ಅನಿಸುತ್ತದೆ, ಚಿರತೆಯೇ ವಾಸಿಯಿತ್ತು. ಸಾಲದ್ದಕ್ಕೆ ಈ ಬೆಟ್ಟಗಳೂ ಸುಮ್ಮನಿರುವುದಿಲ್ಲ. ಹೊಲದಲ್ಲಿ ಕೂತರೂ ಕೆರೆ ಏರಿ ಮೇಲೆ ನಿಂತರೂ ಹೇಮಗಿರಿ ಒಂದು ಕಡೆಯಿಂದ, ಕುಂಭಿ ಇನ್ನೊಂದು ಕಡೆಯಿಂದ, ವರಾಂಡದಲ್ಲಿ ಕೈಕಟ್ಟಿ ನಿಂತ ಹೆಡ್‌ಮೇಷ್ಟ್ರ ಹಾಗೆ ನೋಡುತ್ತಲೇ ಇರುತ್ತವೆ.

ಅದಕ್ಕೇ ಬೆಟ್ಟ ಕಾಣದ ಕಡೆ ಹೋಗೋಣ ಅಂತ ಹೊರಟದ್ದು.

ಮಗಳು ಬೆಂಗಳೂರಿನಲ್ಲಿದ್ದಾಳೆ, ಅವಳೇ ಟಿಕೆಟ್ ಮಾಡಿಸಿದಳು. ಮಾಗಡಿ ಮೇಲೆ ಬೆಂಗಳೂರಿಗೆ ಹೋಗಿ, ಅವಳ ಮನೆಯಲ್ಲಿ ಊಟ ಮುಗಿಸಿ, ಯಶವಂತಪುರದಲ್ಲಿ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದೆ. ಹತ್ತಿ ಒಂದು ನಿದ್ದೆ ತೆಗೆಯುವ ಮೊದಲೇ ಕಿಟಕಿಯಾಚೆ ಕುಣಿಗಲ್! 2017ರಲ್ಲಿ ನೆಲಮಂಗಲದ ಕಡೆಯಿಂದ ಶ್ರವಣಬೆಳಗೊಳಕ್ಕೆ ಹಳಿ ತೆರೆದ ಮೇಲೆ ಬೆಂಗಳೂರು–ಹಾಸನದ ರೈಲು ನಮ್ಮ ತಾಲ್ಲೂಕಿನ ಮೇಲೇ ಹೋಗುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಗೊತ್ತಿರುವುದಕ್ಕೂ ಹೊಳೆಯುವುದಕ್ಕೂ ವ್ಯತ್ಯಾಸವಿದೆ. ಇದನ್ನು ಕೇಳಿ ಗೌಡರು ಬೇಲಿ ಗೂಟ ಹಿಡಿದುಕೊಂಡು ನಕ್ಕರು. "ಬೆಳಗ್ಗೆ ಊರ್ ಬುಟ್ಟು ರಾತ್ರಿಗೆ ಕುಣಿಗಲ್ ಸೇರುದ್ರಾ? ಲೆಕ್ಕದ್ ಮೇಷ್ಟ್ರು!"

ಚೀಲದ ವಿಷಯ ಹೇಳಲೇಬೇಕು. ನಾನು ಕಟ್ಟಿದ್ದು ಎರಡು ಪಂಚೆ, ಎರಡು ಅಂಗಿ. ನನ್ನ ಹೆಂಡತಿ ಅದಕ್ಕೆ ಹುರಿಹಿಟ್ಟು, ನಿಪ್ಪಟ್ಟು, ಕೊಬ್ಬರಿ ಮಿಠಾಯಿ, ಟಾರ್ಚು, ಮೊಣಕಾಲಿನ ಎಣ್ಣೆ, ಎರಡು ಟವೆಲ್ಲು ಸೇರಿಸಿ, ಕೊನೆಗೆ ಕಡಲ ತೀರದಲ್ಲಿ ಥಂಡಿ ಅಂತ ಒಂದು ಉಣ್ಣೆ ಸ್ವೆಟರನ್ನೂ ತುರುಕಿದ್ದಳು. ಗೋಕರ್ಣದಲ್ಲಿ ಮಹಾಬಲೇಶ್ವರನ ದರ್ಶನ ಮುಗಿಸಿ ಕೋಟಿತೀರ್ಥದ ಮೆಟ್ಟಿಲ ಮೇಲೆ ಆ ಚೀಲ ಇಳಿಸಿ ಕೂತಾಗ ರಾವಣನ ಕಷ್ಟ ನನಗೆ ಪೂರ್ತಿ ಅರ್ಥವಾಯಿತು. ಅವನೂ ಒಬ್ಬನೇ ಹೊರಟವನು. ಕೈಯಲ್ಲಿ ಆತ್ಮಲಿಂಗ, ಲಂಕೆ ಸೇರುವವರೆಗೆ ನೆಲಕ್ಕೆ ಇಡಬಾರದೆಂಬ ಷರತ್ತು. ಸಂಜೆಯ ಸಂಧ್ಯಾವಂದನೆಗೆಂದು ವಟುವಿನ ವೇಷದ ಗಣಪತಿಯ ಕೈಗೆ ಕೊಟ್ಟ, ಗಣಪತಿ ಕೆಳಗಿಟ್ಟ, ಆಮೇಲೆ ಎಷ್ಟು ಎಳೆದರೂ ಏಳಲಿಲ್ಲ. ಒಮ್ಮೆ ಕೆಳಗಿಟ್ಟದ್ದನ್ನು ಮತ್ತೆ ಎತ್ತಲಾಗದ ಊರು ಅದು. ಸ್ಥಳಮಹಿಮೆಗೆ ಮರ್ಯಾದೆ ಕೊಟ್ಟು ನಾನೂ ಸ್ವೆಟರು, ಒಂದು ಟವೆಲ್ಲು, ಮುಕ್ಕಾಲು ಪಾಲು ನಿಪ್ಪಟ್ಟನ್ನು ಪಕ್ಕದಲ್ಲಿ ಕೂತಿದ್ದ ಯಾತ್ರಿಕರ ಸಂಸಾರಕ್ಕೆ ದಾಟಿಸಿ ಎದ್ದೆ. ಮನೆಯಲ್ಲಿ ಇದನ್ನು ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.

ಗೋಕರ್ಣದಿಂದ ತೆಂಕಣಕ್ಕೆ ಒಂದು ಗುಡ್ಡ ದಾಟಿದರೆ ಕುಡ್ಲೆ, ಇನ್ನೊಂದು ದಾಟಿದರೆ ಓಂ ಬೀಚು. ಮೇಲಿನಿಂದ ನೋಡಿದರೆ ದಂಡೆ ನಿಜವಾಗಿಯೂ ಓಂಕಾರದ ಹಾಗೆ ಬಳುಕಿದೆ. ಕೆಳಗಿಳಿದರೆ ಓಂಕಾರಕ್ಕಿಂತ ಸ್ಪೀಕರಿನ ಸದ್ದೇ ಜಾಸ್ತಿ. ಶಾಂತಿ ಹುಡುಕಿಕೊಂಡು ಬಂದವರೆಲ್ಲ ಒಂದೇ ಕಡೆ ಸೇರಿದರೆ ಅದು ಸಂತೆ, ಇನ್ನೇನೂ ಅಲ್ಲ. ಎಳನೀರು ಕುಡಿಯೋಣ ಅಂದುಕೊಂಡೆ. ತೆಂಗಿನ ಸೀಮೆಯಲ್ಲಿ ಹುಟ್ಟಿದವನಿಗೆ ಅವರು ಹೇಳಿದ ಬೆಲೆ ಕೇಳಿಯೇ ಬಾಯಾರಿಕೆ ಹೋಯಿತು.

ಓಂ ಬೀಚಿನ ಕೊನೆಯ ಬಂಡೆ ದಾಟಿದ ಮೇಲೆ ಜನ ತೆಳುವಾಗುತ್ತಾರೆ. ಮುಂದಿನವು ಹಾಫ್ ಮೂನ್, ಪ್ಯಾರಡೈಸ್. ದಾರಿ ಅಂದರೆ ಗುಡ್ಡದ ಸೊಂಟಕ್ಕೆ ಕಟ್ಟಿದ ಉಡಿದಾರದಷ್ಟು ಕಿರಿದು. ಒಂದು ಕಡೆ ಗೇರುಮರ, ಇನ್ನೊಂದು ಕಡೆ ಕೆಳಗೆ ಕಡಲು. ನಮ್ಮೂರಿನದು ಕಗ್ಗಲ್ಲು, ಕಾಲಿಟ್ಟರೆ ಇಟ್ಟ ಕಡೆ ನಿಲ್ಲುತ್ತದೆ. ಅಲ್ಲಿನದು ಕೆಂಪು ಮುರಕಲ್ಲು, ಅದರ ಮೇಲೆ ಉದುರಿದ ಕಾಳಿನಂಥ ಹರಳು. ರಾಗಿ ಕಣದಲ್ಲಿ ಜಾರಿದ ಹಾಗೆ ಜಾರಿದೆ. ಒಂದು ಪೊದೆ ಹಿಡಿದದ್ದಕ್ಕೆ ಬಚಾವಾದೆ. ಕೆಳಗೆ ಬಂಡೆ ಮೇಲೆ ಗಾಳ ಹಾಕಿ ಕೂತಿದ್ದ ಹುಡುಗ ತಲೆಯೆತ್ತಿ ನೋಡಿ, "ಅಡ್ಡಿಲ್ವಾ?" ಅಂದ.

"ಅಡ್ಡಿಲ್ಲ," ಅಂದೆ.

ಅವನು ಮತ್ತೆ ಗಾಳದ ಕಡೆ ತಿರುಗಿಕೊಂಡ. ಅಷ್ಟೇ! ಯಾವೂರು, ಯಾಕೆ ಬಂದಿರಿ, ಒಬ್ಬರೇನಾ, ಮಕ್ಕಳೆಷ್ಟು, ಪಿಂಚಣಿ ಎಷ್ಟು ಬರುತ್ತದೆ, ಒಂದೂ ಇಲ್ಲ. ಉತ್ತರ ಕನ್ನಡದವರ ಈ 'ಅಡ್ಡಿಲ್ಲ' ಅನ್ನುವ ಪದದ ಮೇಲೆ ಒಂದು ಹೊತ್ತಗೆಯನ್ನೇ ಬರೆಯಬಹುದು. ಊಟ ಹೇಗಿತ್ತು ಅಂದರೂ ಅಡ್ಡಿಲ್ಲ. ಬಿದ್ದ ಪೆಟ್ಟಿಗೂ ಅಡ್ಡಿಲ್ಲ. ಆರೋಗ್ಯವಾಗಿದ್ದೀರಾ ಅಂದರೂ ಅದೇ. ಹೊಗಳಿಕೆಯೂ ಆಯಿತು, ಸಮಾಧಾನವೂ ಆಯಿತು, ಮಾತು ಇಲ್ಲಿಗೆ ಸಾಕು ಅನ್ನುವ ಸೂಚನೆಯೂ ಆಯಿತು. ನಮ್ಮ 'ಎತ್ಲಾಗೆ'ಗೆ ಒಂದು ಉತ್ತರ ಕೊಟ್ಟರೆ ಹಿಂದೆ ನಾಲ್ಕು ಪ್ರಶ್ನೆ ಹುಟ್ಟುತ್ತವೆ.

ಬೆಲೇಖಾನ್ ದಾಟಿ ತದಡಿಗೆ ಬಂದಾಗ ಮಧ್ಯಾಹ್ನ ತಿರುಗಿತ್ತು. ತದಡಿ ಮೀನುಗಾರಿಕೆ ಬಂದರು. ಬಲೆ, ದೋಣಿ, ಮಂಜುಗಡ್ಡೆ, ನೆತ್ತಿಗೇರುವ ವಾಸನೆ. ಒಂದು ಕಾಲದಲ್ಲಿ ಇಲ್ಲಿ 4000 ಮೆಗಾವಾಟ್‌ನ ಕಲ್ಲಿದ್ದಲ ವಿದ್ಯುತ್ ಸ್ಥಾವರ ತರುವ ಯೋಜನೆ ಇತ್ತು. ಜನ ಒಪ್ಪಲಿಲ್ಲ, ಬರಲಿಲ್ಲ. ಬಂದಿದ್ದರೆ ನಾನು ಈ ಹರಟೆಯನ್ನು ಬೇರೆ ಯಾವುದಾದರೂ ದಂಡೆ ಹುಡುಕಿಕೊಂಡು ಬರೆಯಬೇಕಿತ್ತು. ಇಲ್ಲಿ ಅಘನಾಶಿನಿ ಕಡಲಿಗೆ ಸೇರುತ್ತದೆ. ದೋಣಿ ಹತ್ತಿ ಆಚೆ ದಡಕ್ಕೆ ಹೋದರೆ ಊರಿನ ಹೆಸರೂ ಅಘನಾಶಿನಿಯೇ.

ಈ ನದಿಯ ವಿಷಯ ಬಂದಾಗ ಗೌಡರು ಅವರೆಕಾಯಿ ಬುಟ್ಟಿ ಕೆಳಗಿಟ್ಟರು. ನೀರಿನ ಮಾತು ಅಂದರೆ ಅವರಿಗೆ ಜೀವ. ಹೇಮಾವತಿ ಲಿಂಕ್ ಕೆನಾಲಿನ ಗಲಾಟೆಯಲ್ಲಿ ಗುಬ್ಬಿಯ ಬೀಗರ ಜೊತೆ ಮಾತು ಬಿಟ್ಟವರು ಅವರು. ಗುಬ್ಬಿಯವರು ನಮ್ಮ ನೀರು ಅನ್ನುತ್ತಾರೆ, ಇವರು ಕುಣಿಗಲ್ಲಿಗೂ ಬಾಯಿಲ್ಲವಾ ಅನ್ನುತ್ತಾರೆ. ನಾನು ಹೇಳಿದೆ: "ಅಘನಾಶಿನಿ ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಇಲ್ಲಿಗೆ ಬರೋವರೆಗೂ ಅದಕ್ಕೆ ಒಂದು ದೊಡ್ಡ ಅಣೆಕಟ್ಟೂ ಇಲ್ಲ."

"ಒಂದೂ ಇಲ್ವಾ?"

"ಇಲ್ಲ."

"ಹಂಗಾದ್ರೆ ಅಷ್ಟೂ ನೀರು?"

"ಕಡಲಿಗೆ."

ಗೌಡರು ತಮ್ಮದೇ ಜಮೀನು ಹರಾಜಾದ ಹಾಗೆ ನಿಟ್ಟುಸಿರು ಬಿಟ್ಟರು. ನಾನು ಬಿಡಿಸಿ ಹೇಳಿದೆ. ಆ ಸಿಹಿನೀರು ಉಪ್ಪುನೀರಿಗೆ ಸೇರುವ ಅಳಿವೆಯಲ್ಲೇ ಆ ಕಡೆಯವರ ಬದುಕು ಇರುವುದು. ನೀರಿಳಿದಾಗ ಹೆಂಗಸರು ಸೊಂಟದುದ್ದ ನೀರಲ್ಲಿ ನಿಂತು ಬಳಚು, ಅಂದರೆ ಚಿಪ್ಪಿಕಲ್ಲು, ಆರಿಸುತ್ತಾರೆ. ಗಜನಿ ಅನ್ನುವ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಳ್ಳುವ ಕಗ್ಗ ಅನ್ನುವ ಭತ್ತ ಬೆಳೆಯುತ್ತದೆ. ಸಾಣಿಕಟ್ಟಾದಲ್ಲಿ ಅದೇ ನೀರನ್ನು ಮಡಿಗಳಿಗೆ ಹಾಯಿಸಿ, ಬಿಸಿಲಿಗೆ ಬಿಟ್ಟು ಉಪ್ಪು ತೆಗೆಯುತ್ತಾರೆ. ಸಮುದ್ರಕ್ಕೆ ಹೋದ ನೀರೆಲ್ಲ ದಂಡ ಅನ್ನುವುದು ನಾವು ಬಯಲುಸೀಮೆಯವರು ಕಟ್ಟಿಕೊಂಡ ಲೆಕ್ಕ. ಲೆಕ್ಕದ ಮೇಷ್ಟ್ರಾಗಿ ಹೇಳುತ್ತೇನೆ, ಅದು ತಪ್ಪು ಲೆಕ್ಕ.

"ಅಲ್ಲ, ಅಷ್ಟೊಂದು ನೀರೈತೆ ಅಂತೀರಲ್ಲ ಸಮುದ್ರದಲ್ಲಿ, ಯಾರ್ದೂ ಜಗಳ ಇಲ್ವಾ?" ಅಂದರು.

"ಉಪ್ಪಲ್ಲವಾ ಗೌಡ್ರೇ. ಸಿಹಿ ಇದ್ದಿದ್ರೆ ಇಷ್ಟೊತ್ತಿಗೆ ಅದಕ್ಕೂ ಒಂದು ನ್ಯಾಯಾಧಿಕರಣ ಆಗಿರೋದು."

ಇನ್ನೊಂದು ತಮಾಷೆ. 2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿತು. ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ಪಟ್ಟಿ ಅದು. ಅದರ ಜೊತೆಗೇ ಅಂಕಸಮುದ್ರವೂ ಮಾಗಡಿ ಕೆರೆಯೂ ಸೇರಿದವು. ಪೇಪರಿನಲ್ಲಿ 'ಮಾಗಡಿ ಕೆರೆಗೆ ಅಂತರರಾಷ್ಟ್ರೀಯ ಮಾನ್ಯತೆ' ಅಂತ ಓದಿ ನಮ್ಮ ಟೀ ಅಂಗಡಿಯಲ್ಲಿ ಅವತ್ತು ದೊಡ್ಡ ಚರ್ಚೆ. ಪಕ್ಕದ ಮಾಗಡಿಯವರಿಗೆ ಇಷ್ಟು ಸುಲಭವಾಗಿ ಸಿಕ್ಕಿದ್ದು ನಮಗೇಕೆ ಸಿಗಲಿಲ್ಲ, ಕುಣಿಗಲ್ ಕೆರೆಗೆ ಹಾಡೇ ಇದೆಯಲ್ಲ, ಮಾಗಡಿಗೆ ಏನಿದೆ ಅಂತ. ಅದು ಗದಗ ಜಿಲ್ಲೆಯ ಮಾಗಡಿ, ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಬರುವ ಕೆರೆ ಅಂತ ನಾನು ಹೇಳುವ ಹೊತ್ತಿಗೆ ಇಬ್ಬರು ಜಗಳಾಡಿ ಎದ್ದು ಹೋಗಿಯಾಗಿತ್ತು.

ರಾತ್ರಿ ಅಘನಾಶಿನಿಯ ಒಂದು ಮನೆಯಲ್ಲಿ ಉಳಿದೆ. ಕೋಣೆ ಬಾಡಿಗೆಗೆ ಕೊಡುವ ಮನೆ. ಆ ಮನೆಯ ಅಜ್ಜಿ ಕೇಳಿದ್ದು ಒಂದೇ ಮಾತು: "ಮೀನು ಆಗ್ತದಾ?" ಆಗ್ತದೆ ಅಂದೆ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು. ಮುದ್ದೆ ನುಂಗಿ ಬೆಳೆದ ಗಂಟಲು ಆ ದಪ್ಪ ಅನ್ನಕ್ಕೆ ಮೊದಲು ಸ್ವಲ್ಪ ತಕರಾರು ತೆಗೆಯಿತು, ಎರಡನೇ ಸಲ ಬಡಿಸುವಾಗ ಒಪ್ಪಿಕೊಂಡಿತು.

ಇನ್ನು ಎರಡನೆಯ ದಿನದ ವಿಷಯ. ಗೌಡರಿಗೆ ಇದನ್ನು ಹೇಳಲು ನನಗೆ ಮೂರು ಸಂಜೆ ಹಿಡಿಯಿತು. ಈಗಲೂ ಸರಿಯಾಗಿ ಹೇಳಿದ್ದೇನೆಂಬ ನಂಬಿಕೆ ಇಲ್ಲ.

ಬೆಳಗ್ಗೆ ಹೊರಡುವಾಗ ಅಜ್ಜಿಯನ್ನು ಕುಮಟಾದ ದಾರಿ ಕೇಳಿದೆ. ಅಜ್ಜಿ ಕಡಲ ಕಡೆ ಕೈ ಮಾಡಿ, "ಅದು ನಿಮ್ಮ ಬಲಗೈಗೆ ಇದ್ರೆ ಆಯ್ತು," ಅಂದರು. ಅಷ್ಟೇ ದಾರಿ. ತೆಂಕಲು ಮುಖವಾಗಿ ನಡೆದರೆ ಪಡುವಣ ಬಲಕ್ಕೆ. ಕಡಲು ಬಲಗೈಗಿರುವಷ್ಟು ಹೊತ್ತು ದಾರಿ ತಪ್ಪುವ ಮಾತೇ ಇಲ್ಲ. ಒಂದು ಮೈಲಿ ನಡೆದ ಮೇಲೆ ಹೊಳೆಯಿತು. ದೇವರನ್ನು ಬಲಕ್ಕಿಟ್ಟುಕೊಂಡು ನಡೆಯುವುದಕ್ಕೆ ನಮ್ಮಲ್ಲಿ ಏನನ್ನುತ್ತಾರೆ? ಪ್ರದಕ್ಷಿಣೆ. ಗೋಕರ್ಣದಿಂದ ಕುಮಟಾಕ್ಕೆ ನಡೆದರೆ ಪ್ರದಕ್ಷಿಣೆ, ಕುಮಟಾದಿಂದ ಗೋಕರ್ಣಕ್ಕೆ ನಡೆದರೆ ಅಪ್ರದಕ್ಷಿಣೆ. ಗೌಡರು ಇದನ್ನು ಒಪ್ಪಲಿಲ್ಲ. "ಪ್ರದಕ್ಷಿಣೆ ಅಂದ್ಮೇಲೆ ಸುತ್ತಿ ಮತ್ತೆ ಹೊರಟ್ ಕಡೀಕೇ ಬರ್ಬೇಕು ಮೇಷ್ಟ್ರೇ. ಸಮುದ್ರ ಎಲ್ಲಿ ಸುತ್ತೀರಿ?" ಮಾತು ಸರಿಯೇ. ಕರ್ನಾಟಕದ ಕರಾವಳಿ ಸುಮಾರು 320 ಕಿಲೋಮೀಟರ್ ಅನ್ನುತ್ತಾರೆ, ಅದರಲ್ಲಿ ನಾನು ನಡೆದದ್ದು ಎರಡೂ ದಿನ ಸೇರಿ 25. ಗರ್ಭಗುಡಿಯ ಒಂದು ಇಟ್ಟಿಗೆಯಷ್ಟು ಸುತ್ತಿದ್ದೇನೆ ಅಂತಿಟ್ಟುಕೊಳ್ಳಿ.

ಆ ದಂಡೆಯಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲ ಅಂದರೆ ದೂರದಲ್ಲಿ ಒಂದು ದೋಣಿ, ಮೇಲೆ ಒಂದು ಗರುಡ, ಗಾಳಿಮರಗಳ ಸಾಲು, ಅದರ ಹಿಂದೆ ಎಲ್ಲೋ ನಾಯಿ ಬೊಗಳುವ ಸದ್ದು. ಮರಳ ಮೇಲೆ ಸಣ್ಣ ಏಡಿಗಳು ಗುಂಡು ಗುಂಡಾಗಿ ಮರಳುಂಡೆ ಉರುಳಿಸಿ ರಂಗೋಲಿ ಹಾಕಿದ್ದವು. ಒಂದೊಂದು ಬಿಲದ ಸುತ್ತಲೂ ಒಂದೊಂದು. ಧನುರ್ಮಾಸದಲ್ಲಿ ನಮ್ಮ ಬೀದಿಯ ಹೆಂಗಸರು ಇಷ್ಟು ಅಚ್ಚುಕಟ್ಟಾಗಿ ಹಾಕುವುದಿಲ್ಲ ಅಂದೆ. ಇದನ್ನು ಗೌಡ್ತಮ್ಮ ಒಳಗಿನಿಂದ ಕೇಳಿಸಿಕೊಂಡರು, ಅದರ ಪರಿಣಾಮ ಆಮೇಲೆ.

ಅಜ್ಜಿಯ ಮೊಮ್ಮಗ ಹಿಂದಿನ ರಾತ್ರಿ ಹೇಳಿದ್ದ, ಪ್ರತಿ ಏಳನೇ ಅಲೆ ದೊಡ್ಡದು ಅಂತ. ಮೂವತ್ತೈದು ವರ್ಷ ಲೆಕ್ಕ ಹೇಳಿದವನು ಇಂಥದ್ದನ್ನು ಪರೀಕ್ಷೆ ಮಾಡದೆ ಬಿಡುತ್ತಾನೆಯೇ? ನಡೆಯುತ್ತಲೇ ಎಣಿಸತೊಡಗಿದೆ. ಏಳನೆಯದು ಸಣ್ಣದು. ಹದಿನಾಲ್ಕನೆಯದು ಮಾಮೂಲು. ಹದಿನಾರನೆಯದು ಬಂದು ಪಂಚೆ ನೆನೆಸಿ ಹೋಯಿತು. ದೊಡ್ಡವು ಗುಂಪಾಗಿ ಬರುತ್ತವೆ, ಅದು ನಿಜ. ಆದರೆ ಏಳರ ಮಗ್ಗಿಗೂ ಕಡಲಿಗೂ ಸಂಬಂಧವಿಲ್ಲ. ಆದರೂ ಎಣಿಕೆ ಬಿಡಲಿಲ್ಲ. ಹಾಜರಿ ಕರೆದು ಅಭ್ಯಾಸವಾದ ಬಾಯಿ. ಒಂದೊಂದೂ ಬಂದು, ಹೂಂ ಅಂದು, ವಾಪಸು ಹೋಗುತ್ತಿತ್ತು. ಬಾಡದ ದಂಡೆಯಲ್ಲಿ ಎಲ್ಲೋ, ಮುನ್ನೂರರ ಆಸುಪಾಸಿನಲ್ಲಿ, ಎಣಿಕೆ ನಿಂತುಹೋಯಿತು. ನಾನು ನಿಲ್ಲಿಸಿದ್ದಲ್ಲ. ಎಷ್ಟು ದೂರ ನಡೆದ ಮೇಲೆ ನಿಂತಿದ್ದು ಗೊತ್ತಾಯಿತೋ ಅದೂ ತಿಳಿಯದು.

ಅಷ್ಟು ಹೊತ್ತು ತಲೆಯಲ್ಲಿ ಏನಿತ್ತು ಅಂತ ಗೌಡರು ಕೇಳಿದರು. ಏನೂ ಇರಲಿಲ್ಲ. ತಮ್ಮನ ಜೊತೆ ಇರುವ ಪಾಲಿನ ವ್ಯಾಜ್ಯ ಇರಲಿಲ್ಲ. ಮಗಳ ಮನೆ ಸಾಲ ಇರಲಿಲ್ಲ. ಮೊಣಕಾಲು ಕೂಡ, ನಂಬಿದರೆ ನಂಬಿ, ಇರಲಿಲ್ಲ. ದಾರಿ ಯೋಚಿಸುವ ಕೆಲಸವನ್ನು ಕಡಲು ತಾನೇ ವಹಿಸಿಕೊಂಡಿತ್ತು. ಉತ್ತರ ಹೇಳುವ ಕೆಲಸ ಯಾರೂ ಕೊಟ್ಟಿರಲಿಲ್ಲ. ಕಾಲು ಅದರ ಪಾಡಿಗೆ ಹೋಗುತ್ತಿತ್ತು. ಅಲ್ಲಿ ಸದ್ದಿಲ್ಲ ಅಂತಲ್ಲ, ಕಡಲಿನಷ್ಟು ವಾಚಾಳಿ ಇನ್ನೊಂದಿಲ್ಲ. ಆದರೆ ಅದು ಏನನ್ನೂ ಕೇಳುವುದಿಲ್ಲ.

ಮುಂದೆ ಒಂದು ಕಡೆ ಗುಡ್ಡದ ಮೂಗು ಕಡಲೊಳಕ್ಕೆ ಚಾಚಿತ್ತು. ಬಂಡೆಗಳ ಮೇಲೆ ನೀರು ಬಡಿಯುತ್ತಿತ್ತು. ದಾಟಲು ನೋಡುತ್ತಿದ್ದೆ. ಕಟ್ಟಿಗೆ ಹೊರೆ ಹೊತ್ತು ಬಂದ ಹೆಂಗಸೊಬ್ಬಳು, "ಈಗ ಬ್ಯಾಡ. ನೀರಿಳೀಲಿ," ಅಂದಳು. ಎಷ್ಟು ಹೊತ್ತಾಗುತ್ತದೆ ಅಂದೆ. "ಇಳೀತದೆ," ಅಂದು ಹೋದಳು. ಕೂತೆ. ಎರಡು ಗಂಟೆಗೂ ಮಿಕ್ಕಿ ಕೂತೆ. ಜೀವನವಿಡೀ ನಲವತ್ತು ನಿಮಿಷಕ್ಕೊಂದು ಗಂಟೆ ಹೊಡೆಸಿಕೊಂಡು ಬದುಕಿದವನು ನಾನು. ಕಡಲಿನ ಗಂಟೆಯೇ ಬೇರೆ. ಆರು ಗಂಟೆಗಿಂತ ಚೂರು ಹೆಚ್ಚು ಹೊತ್ತು ಏರುತ್ತದೆ, ಅಷ್ಟೇ ಹೊತ್ತು ಇಳಿಯುತ್ತದೆ. ಅದೂ ದಿನಾ ಒಂದೇ ಹೊತ್ತಿಗಲ್ಲ, ಚಂದ್ರನನ್ನು ಹಿಂಬಾಲಿಸಿ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಇಂಥ ಟೈಂಟೇಬಲ್ ಹಾಕಿದ್ದರೆ ಶಿಕ್ಷಣ ಇಲಾಖೆ ನನಗೆ ನೋಟಿಸು ಕೊಡುತ್ತಿತ್ತು. ಚೀಲದಿಂದ ಹುರಿಹಿಟ್ಟು ತೆಗೆದು ಕಲಸಿ ತಿಂದೆ. ನೀರು ಒಂದು ಬಂಡೆ ಬಿಟ್ಟಿತು, ಇನ್ನೊಂದು ಬಿಟ್ಟಿತು, ಬಿಟ್ಟ ಕಡೆಯೆಲ್ಲ ಹಸಿರು ಪಾಚಿ ಮಿಣುಗಿತು. ಇಳಿಯಿತು ಅಂತ ಗೊತ್ತಾದ ಮೇಲೂ ಇನ್ನೊಂದಿಷ್ಟು ಹೊತ್ತು ಕೂತೇ ಇದ್ದೆ.

ಇಷ್ಟೇ ಗೌಡ್ರೇ ನನಗೆ ಆದದ್ದು.

"ಇಷ್ಟಕ್ಕೆ ಅಲ್ಲೀಗಂಟ ಹೋಗ್ಬೇಕಿತ್ತಾ?" ಅಂದರು ಗೌಡರು. ನ್ಯಾಯವಾದ ಪ್ರಶ್ನೆ. ಗೋಕರ್ಣದ ಪಕ್ಕದ ಹನೇಹಳ್ಳಿಯ ಯಶವಂತ ಚಿತ್ತಾಲರು ಬದುಕನ್ನೆಲ್ಲ ಮುಂಬಯಿಯಲ್ಲಿ ಕಳೆದು ಕತೆಗಳಲ್ಲಿ ಹನೇಹಳ್ಳಿಗೆ ಮತ್ತೆ ಮತ್ತೆ ಬರುತ್ತಿದ್ದರು. ಆ ದಂಡೆಯವರಿಗೆ ಆ ದಂಡೆಯೂ ಹುಲಿಯೂರುದುರ್ಗವೇ. ಅಲ್ಲಿಯವನು ನೆಮ್ಮದಿ ಬೇಕು ಅಂತ ಬಂದು ನಮ್ಮ ಹೇಮಗಿರಿ ನೆತ್ತಿಯ ಮೇಲೆ ಕೂತರೆ ಅವನಿಗೆ ಯಾರು ಅಳಿಯನ ಸಾಲದ ಕತೆ ಹೇಳುತ್ತಾರೆ? ನಮ್ಮ ಕುಣಿಗಲ್ ಸೀಮೆಯ ಮಳೆನೀರು ಶಿಂಷೆ ಸೇರಿ, ಕಾವೇರಿ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಆ ಪಡುವಣ ಕಡಲಿಗೂ ನಮಗೂ ನೀರಿನ ನಂಟು ಕೂಡ ಇಲ್ಲ. ನಂಟಿಲ್ಲದ ಕಡೆಯೇ ಬೇಕಿತ್ತು.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸಂಜೆ ಕಡ್ಲೆ ದಂಡೆ ದಾಟಿ ಕುಮಟಾ ಪೇಟೆ ಸೇರಿ, ಒಂದು ಅಂಗಡಿಯಲ್ಲಿ ಸಾಣಿಕಟ್ಟಾ ಉಪ್ಪು ಐದು ಕಿಲೋ ಕಟ್ಟಿಸಿಕೊಂಡು ನಿಂತಾಗ ಮನೆಯಿಂದ ಫೋನು ಬಂತು. "ಎಲ್ಲಿದ್ದೀರಾ?" ಅಂದಳು ಹೆಂಡತಿ. ಎರಡು ದಿನದಲ್ಲಿ ಎಲ್ಲಿ, ಎತ್ತ ಅಂತ ನನಗೆ ಬಿದ್ದ ಮೊದಲ ಪ್ರಶ್ನೆ ಅದು. ಕುಮಟಾದಲ್ಲಿ ಅನ್ನುವಷ್ಟಕ್ಕೆ ಬಿಡದೆ ಯಾವ ಅಂಗಡಿ, ಮಗ್ಗುಲಲ್ಲಿ ಯಾವ ಅಂಗಡಿ, ಎದುರಿಗೆ ಯಾವ ಬಸ್ಸು ನಿಂತಿದೆ ಎಲ್ಲ ಹೇಳಿದೆ. ಹೇಳೋರು ಕೇಳೋರು ಇಲ್ಲದ ನೆಮ್ಮದಿ ನನ್ನಂಥವನಿಗೆ ಎರಡು ದಿನಕ್ಕಾಗುವಷ್ಟು ಇರುತ್ತದೆ. ಮೂರನೆಯ ದಿನ ನಾನೇ ಯಾರನ್ನಾದರೂ ಹಿಡಿದು ನಿಲ್ಲಿಸಿ ನನ್ನ ಪಾಲಿನ ವ್ಯಾಜ್ಯ ಹೇಳುತ್ತಿದ್ದೆ.

ಉಪ್ಪಿನಲ್ಲಿ ಎರಡು ಕಿಲೋ ಗೌಡರ ಮನೆಗೆ ಕೊಟ್ಟೆ. ಆಗ ಗೌಡ್ತಮ್ಮ ಬೇಲಿ ಹತ್ತಿರ ಬಂದರು. ಹಿಸುಕಿದ ಅವರೆ ಸಿಪ್ಪೆ ಕೈಯಲ್ಲೇ ಇತ್ತು. ರಂಗೋಲಿ ಮಾತಿನ ಲೆಕ್ಕ ಮೊದಲು ತೀರಿಸಿದರು: "ಏಡಿ ಹಾಕ್ತದೆ ಕಣಣ್ಣಯ್ಯ ಅಚ್ಚುಕಟ್ಟಾಗಿ. ಅದ್ಕೇನು ಸೆಗಣಿ ಬಾಚೋದೈತಾ, ಮುದ್ದೆ ತೊಳ್ಸೋದೈತಾ?" ಆಮೇಲೆ ಉಪ್ಪನ್ನು ಅಂಗೈಯಲ್ಲಿ ಆಡಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು:

"ನಾನು ಹುಟ್ದಾಗಿಂದ ಒಬ್ಳೇ ಎಲ್ಲೂ ಹೋಗಿಲ್ಲ. ಬಾವಿ ತಾವ್ಕೆ ಹೋಗ್ಬೇಕಾದ್ರೂ ಕಂಕುಳಲ್ಲಿ ಯಾವ್ದಾದ್ರೂ ಒಂದು ಮಗ ಇರೋದು."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಗೌಡರ ಹತ್ತಿರವೂ ಇರಲಿಲ್ಲ. ಅಷ್ಟು ಹೊತ್ತು ಪ್ರದಕ್ಷಿಣೆ, ರಾವಣ, ಏಳನೇ ಅಲೆ ಅಂತ ಕೊರೆದ ನನಗೆ, ಆ ಬಂಡೆಯ ಮೇಲೆ ಒಬ್ಬನೇ ಎರಡು ಗಂಟೆ ಭಯವಿಲ್ಲದೆ ಕೂರಲು ಸಾಧ್ಯವಾದದ್ದರಲ್ಲಿ ಕಡಲಿನ ಪಾಲೆಷ್ಟು, ಗಂಡಸಾಗಿ ಹುಟ್ಟಿದ್ದರ ಪಾಲೆಷ್ಟು ಅನ್ನುವ ಲೆಕ್ಕ ಅಲ್ಲಿಯವರೆಗೆ ಹೊಳೆದಿರಲೇ ಇಲ್ಲ. ದಾರಿಯಲ್ಲಿ ಸಿಕ್ಕ ಆ ಕಟ್ಟಿಗೆ ಹೊರೆಯ ಹೆಂಗಸೂ ಒಬ್ಬಳೇ ನಡೆಯುತ್ತಿದ್ದಳು, ನಿಜ. ಅವಳ ತಲೆ ಮೇಲೆ ಹೊರೆ ಇತ್ತು.

ಇದಾಗಿ ಎರಡು ವಾರ. ಮೊನ್ನೆ ಸೋಮವಾರ ಬೆಳಗ್ಗೆ ಗೌಡರು ಬೇಲಿ ಹತ್ತಿರ ಬಂದು ನಿಂತರು. ಮುಖ ಒಂಥರಾ ಆಗಿತ್ತು.

"ಇವ್ಳು ಎಡೆಯೂರಿಗೆ ಹೋಗವ್ಳೆ, ಸಿದ್ಧಲಿಂಗೇಶ್ವರನ್ ದರ್ಶನಕ್ಕೆ. ಕುಣಿಗಲ್ನಾಗೆ ಬಸ್ ಬದ್ಲಾಯಿಸ್ತೀನಿ ಅಂದ್ಲು."

ನನ್ನ ಬಾಯಿಂದ ತಡೆಯುವ ಮೊದಲೇ ಬಂದುಬಿಟ್ಟಿತು: "ಒಬ್ರೇನಾ?"

ಗೌಡರು ನನ್ನನ್ನು ನೋಡಿದ ನೋಟವನ್ನು ಬರೆಯುವುದಿಲ್ಲ. ಸಂಜೆ ಆರೂವರೆಯ ಬಸ್ಸಿಗೆ ಗೌಡ್ತಮ್ಮ ಬಂದರು. ಬೇಲಿ ಮೇಲಿಂದ ನಮಗೆ ಪುರಿ, ಬತ್ತಾಸು ಕೊಟ್ಟರು. ಹೇಗಿತ್ತು ಅಂತ ನನ್ನ ಹೆಂಡತಿ ಕೇಳಿದ್ದಕ್ಕೆ "ಚೆನ್ನಾಗಿತ್ತು" ಅಂದು ಒಳಗೆ ಹೋಗಿ ದೀಪ ಹಚ್ಚಿದರು. ಅಷ್ಟು ಬಿಟ್ಟು ಇವತ್ತಿನವರೆಗೂ ಏನೂ ಹೇಳಿಲ್ಲ. ಗೌಡರು ಕೇಳುತ್ತಲೇ ಇದ್ದಾರೆ.